ತಂದೆಯ ತಂಬೂರಿ, ಮಗಳ ಶ್ರುತಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ವಾದ್ಯ ಕೊಳ್ಳುವುದನ್ನು ಕುರಿತಾಗಿರುತ್ತವೆ. ಈ ಸಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಐದು ಪತ್ರಗಳು ಮಾತ್ರ ಮನೆಯಲ್ಲಿ ಈಗಾಗಲೇ ಇರುವ, ಇಲ್ಲವೇ ಕೈಯಾರೆ ಮಾಡಿಕೊಳ್ಳಬೇಕೆಂದಿರುವ ವಾದ್ಯಗಳನ್ನು ಕುರಿತು ಕೇಳಿವೆ. ಭಜನೆ, ತತ್ವಪದ, ಚೌಡಿಕೆ ಪದ ಹಾಡುವವರ ಕೈಯಲ್ಲಿರುವ ವಾದ್ಯಗಳನ್ನು ಬಹಳ ವರ್ಷಗಳಿಂದ ದಾವಣಗೆರೆಯಲ್ಲಿ ರಿಪೇರಿ ಮಾಡಿಕೊಡುತ್ತ ಬಂದಿರುವ ನನಗೆ ಇಂಥ ಪತ್ರಗಳು ಹೆಚ್ಚು ಹತ್ತಿರದವು.

ಪ್ರಶ್ನೆ: ನಮ್ಮ ತಂದೆಯವರು ಭಜನೆಯಲ್ಲಿ ನುಡಿಸುತ್ತಿದ್ದ ನಾಲ್ಕು ತಂತಿಯ ತಂಬೂರಿ ಈಗ ನನಗೆ ಬಂದಿದೆ. ಅವರು ಹಾರ್ಮೋನಿಯಂನ ಕಪ್ಪು ಒಂದಕ್ಕೆ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಗೆ ಹಾಡುತ್ತಿದ್ದರು, ನನ್ನ ದನಿ ಕಪ್ಪು ನಾಲ್ಕಕ್ಕೆ ಕೂರುತ್ತದೆ. ಅವರು ಹಾಕಿದ್ದ ಹಿತ್ತಾಳೆ ತಂತಿಗಳನ್ನೇ ಏರಿಸಲು ಹೋದಾಗ ಎರಡು ಸಲ ಷಡ್ಜದ ತಂತಿ ಹರಿಯಿತು. ಮೂರನೆಯ ಸಲ, ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಕೆಳಗಿನ ಹಲಗೆಯೇ ಕಿರ್ ಎಂದು ಸದ್ದು ಮಾಡಿತು. ಇನ್ನೂ ದಪ್ಪನೆಯ ತಂತಿ ಹಾಕಿದರೆ ತಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಹಾಕಬಹುದೇ? ಕುದುರೆಯಿಂದ ಕೊರಳಿನ ಮೇಲ್ತುದಿಯ ಮೇರುವಿನವರೆಗೆ 90 ಸೆಂ.ಮೀ. ಇದೆ, ಷಡ್ಜದ ತಂತಿಯ ದಪ್ಪ 0.45 ಮಿ.ಮೀ. ಇದೆ.
— ಭಜನಾ ಮಂಡಳಿಯ ಗಾಯಕಿ, ಜಗಳೂರು

ಉತ್ತರ: ದಯವಿಟ್ಟು ದಪ್ಪ ತಂತಿ ಹಾಕಬೇಡಿ. ಹಲಗೆ ಕಿರ್ ಎಂದದ್ದು ವಾದ್ಯ ನಿಮಗೆ ಕೊಟ್ಟ ಎಚ್ಚರಿಕೆ. ಈ ಪತ್ರಿಕೆ ಕೈಗೆ ಬಂದ ಕೂಡಲೇ ತಂತಿ ಬಿಗಿಯುವ ನಾಲ್ಕೂ ಬಿರಡೆಗಳನ್ನು ಎರಡೆರಡು ಸುತ್ತು ಸಡಿಲಿಸಿ, ಆಮೇಲೆ ಮುಂದಿನದನ್ನು ಓದಿ.

ತಂತಿಯ ಸ್ವರ ಮೂರು ಸಂಗತಿಗಳನ್ನು ಅವಲಂಬಿಸಿದೆ: ಉದ್ದ, ಬಿಗಿತ ಮತ್ತು ತಂತಿಯ ತೂಕ. ಉದ್ದವನ್ನು ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ ಎಂಬುದು ಎಲ್ಲ ವಾದಕರಿಗೂ ಗೊತ್ತು. ಬಿಗಿತದ ಲೆಕ್ಕ ಮಾತ್ರ ಕೈಗೆ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಸ್ವರವನ್ನು ಎರಡು ಪಟ್ಟು ಏರಿಸಬೇಕಾದರೆ ಬಿಗಿತವನ್ನು ನಾಲ್ಕು ಪಟ್ಟು ಮಾಡಬೇಕು. ಕಪ್ಪು ಒಂದರಿಂದ ಕಪ್ಪು ನಾಲ್ಕಕ್ಕೆ ಹೋಗುವುದೆಂದರೆ ಷಡ್ಜದಿಂದ ಪಂಚಮಕ್ಕೆ ಹೋದಂತೆ, ಅಂದರೆ ಸ್ವರ ಒಂದೂವರೆ ಪಟ್ಟು. ಬಿಗಿತ ಒಂದೂವರೆಯ ಒಂದೂವರೆ, ಎಂದರೆ ಎರಡೂಕಾಲು ಪಟ್ಟು. ನಿಮ್ಮ ಅಳತೆಗಳನ್ನೇ ಇಟ್ಟು ಲೆಕ್ಕ ಹಾಕಿದರೆ, ತಂದೆಯವರ ಶ್ರುತಿಯಲ್ಲಿ ಷಡ್ಜದ ಒಂದು ತಂತಿ ಸುಮಾರು ಎಂಟೂವರೆ ಕಿಲೋ ತೂಕದಷ್ಟು ಎಳೆಯುತ್ತಿತ್ತು. ನಿಮ್ಮ ಶ್ರುತಿಗೆ ಅದೇ ತಂತಿ 19 ಕಿಲೋ ಎಳೆಯಬೇಕಾಗುತ್ತದೆ. ಷಡ್ಜಕ್ಕೆ ತಂತಿಗಳು ಎರಡು ಇರುವುದರಿಂದ, ಅಷ್ಟರಿಂದಲೇ ಆ ಹಳೆಯ ಸೋರೆ ಬುರುಡೆಯ ಮೇಲೆ 20 ಕಿಲೋಗೂ ಮಿಕ್ಕ ಹೊಸ ಭಾರ ಬೀಳುತ್ತದೆ. ಸೋರೆಯ ಸಿಪ್ಪೆ, ಅದರ ಮೇಲೆ ಅಂಟಿಸಿದ ತೆಳು ಹಲಗೆ, ಕೊರಳಿನ ಬೆಸುಗೆ, ಇವು ಯಾವುವೂ ಅಷ್ಟು ಭಾರಕ್ಕೆಂದು ಮಾಡಿದವುಗಳಲ್ಲ.

ಇನ್ನು ಹರಿಯುವ ವಿಚಾರ. ದಪ್ಪ ತಂತಿ ಗಟ್ಟಿ ಎಂಬುದು ನಿಜ, ಆದರೆ ಅದೇ ಸ್ವರಕ್ಕೆ ಬರಲು ಅದು ಅಷ್ಟೇ ಹೆಚ್ಚು ಬಿಗಿತವನ್ನೂ ಕೇಳುತ್ತದೆ. ಹೆಚ್ಚಿದ ಗಟ್ಟಿತನವನ್ನು ಹೆಚ್ಚಿದ ಬಿಗಿತ ತಿಂದುಹಾಕುವುದರಿಂದ, ಒಂದು ಲೋಹದ ತಂತಿ ಒಂದು ಉದ್ದಕ್ಕೆ ಯಾವ ಸ್ವರದಲ್ಲಿ ಹರಿಯುತ್ತದೋ, ದಪ್ಪವಿರಲಿ ಸಣ್ಣದಿರಲಿ, ಸರಿಸುಮಾರು ಅದೇ ಸ್ವರದಲ್ಲಿ ಹರಿಯುತ್ತದೆ. 90 ಸೆಂ.ಮೀ. ಉದ್ದದ ಹಿತ್ತಾಳೆ ತಂತಿ ಕಪ್ಪು ನಾಲ್ಕನ್ನು ಮುಟ್ಟುವ ಮೊದಲೇ ಸೋಲುತ್ತದೆ. ವಾದ್ಯಕ್ಕೆಂದೇ ಎಳೆದ ಉಕ್ಕಿನ ತಂತಿ ಅದನ್ನು ದಾಟಿಯೂ ಬಾಳುತ್ತದೆ. ಹಾಗಾಗಿ ನಿಮಗೆ ಬೇಕಾದದ್ದು ಎರಡು ಬದಲಾವಣೆ: ತಂತಿ ಹರಿಯದಿರಲು ಹಿತ್ತಾಳೆಯಿಂದ ಉಕ್ಕಿಗೆ ಬರಬೇಕು, ವಾದ್ಯ ಬಾಗದಿರಲು ದಪ್ಪದಿಂದ ಸಣ್ಣದಕ್ಕೆ ಬರಬೇಕು.

ಷಡ್ಜದ ಎರಡು ತಂತಿಗಳಿಗೆ 0.30 ಮಿ.ಮೀ. ಉಕ್ಕು, ಪಂಚಮಕ್ಕೆ 0.40 ಮಿ.ಮೀ. ಉಕ್ಕು, ಮಂದ್ರ ಷಡ್ಜಕ್ಕೆ 0.60 ಮಿ.ಮೀ. ಹಿತ್ತಾಳೆ ಹಾಕಿಸಿ. ನಿಮ್ಮ ಶ್ರುತಿಯಲ್ಲಿ ಈ ನಾಲ್ಕೂ ತಲಾ ಎಂಟು, ಎಂಟೂವರೆ ಕಿಲೋ ಆಸುಪಾಸಿನಲ್ಲೇ ನಿಲ್ಲುತ್ತವೆ, ಅಂದರೆ ಷಡ್ಜದ ತಂತಿಗಳು ತಂದೆಯವರ ಕಾಲದಲ್ಲಿ ಎಳೆಯುತ್ತಿದ್ದಷ್ಟೇ ಎಳೆಯುತ್ತವೆ. ಅಂಗಡಿಯಲ್ಲಿ ನಂಬರ್ ಹೇಳಿ ಕೇಳುವುದಕ್ಕಿಂತ ಮಿಲಿಮೀಟರ್ ಹೇಳಿ ಕೇಳುವುದು ಒಳ್ಳೆಯದು. ಸಾಧ್ಯವಾದರೆ ಹೈಸ್ಕೂಲಿನ ಪ್ರಯೋಗಾಲಯದಲ್ಲಿರುವ ಸ್ಕ್ರೂ ಗೇಜಿನಲ್ಲಿ ಅಳೆದು ನೋಡಿ. ಸೈಕಲ್ ಬ್ರೇಕ್ ವೈರಿನ ಎಳೆ ಬಿಡಿಸಿ ಹಾಕುವ ಪದ್ಧತಿ ನಮ್ಮ ಕಡೆ ಇದೆ. ಏಕತಾರಿಗೆ ಅದು ಹೇಗೋ ನಡೆದೀತು, ಆದರೆ ಹೊಸೆದು ಬಿಡಿಸಿದ ಎಳೆಯಲ್ಲಿ ಸುರುಳಿಯ ತಿರುವು ಉಳಿದೇ ಇರುತ್ತದೆ, ತಂಬೂರಿಯಲ್ಲಿ ಅದರ ನಾದ ಒಡೆದು ಕೇಳುತ್ತದೆ.

ತಂತಿ ಸಣ್ಣದಾದ ಮೇಲೆ ಜೀವದ ದಾರವನ್ನೂ ಬದಲಿಸಬೇಕು. ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸುವ ಈ ನೂಲು ದಪ್ಪವಾದರೆ ತಂತಿ ಕುದುರೆಯ ಬೆನ್ನನ್ನು ಸವರದೆ ಮೇಲೆಯೇ ನಿಂತುಬಿಡುತ್ತದೆ, ನಾದ ಮೊಂಡಾಗುತ್ತದೆ. ಹತ್ತಿಯ ಹೊಲಿಗೆ ದಾರದ ಒಂದೇ ಎಳೆಯನ್ನು ತೆಗೆದುಕೊಂಡು, ಬಲಗೈಯಿಂದ ತಂತಿಯನ್ನು ಮೀಟುತ್ತ, ಎಡಗೈಯಿಂದ ದಾರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದಕ್ಕೆ ಸರಿಸುತ್ತ ಬನ್ನಿ. ಮೊದಲು ಟಣ್ ಎನ್ನುವ ಬರಿಯ ಸದ್ದು ಇರುತ್ತದೆ, ಆಮೇಲೆ ಅದರ ಅಂಚಿನಲ್ಲಿ ದುಂಬಿ ಸುಳಿದಂತೆ ಝೇಂಕಾರವೊಂದು ಏಳುತ್ತದೆ, ಇನ್ನೊಂದು ಕೂದಲೆಳೆ ಸರಿಸಿದರೆ ಅದೇ ಝೇಂಕಾರ ತಗಡು ಕುಟ್ಟಿದಂತೆ ಒರಟಾಗುತ್ತದೆ. ಆ ಎರಡರ ನಡುವಿನ ಜಾಗವೇ ತಂಬೂರಿಯ ಜೀವ. ಹುಡುಕಲು ಮೊದಲ ಸಲ ಅರ್ಧ ಗಂಟೆ ಹಿಡಿದೀತು, ಬೇಸರಿಸಬೇಡಿ.

ತಂದೆಯವರ ತಂತಿ ಹಾಗೆಯೇ ಇರಲಿ, ಅದನ್ನೇ ಶ್ರುತಿಯಾಗಿಟ್ಟುಕೊಂಡು ಹಾಡುತ್ತೇನೆ ಎಂದು ನಿಮಗೆ ಅನ್ನಿಸಬಹುದು. ಅದು ಆಗದು. ಕಪ್ಪು ಒಂದು ನಿಮ್ಮ ಷಡ್ಜಕ್ಕೆ ಮಧ್ಯಮವಾಗುತ್ತದೆ. ಇಡೀ ರಾತ್ರಿ ಮಧ್ಯಮವನ್ನೇ ಕೇಳಿಸಿದರೆ ಕಿವಿ ಅದನ್ನೇ ಷಡ್ಜವೆಂದು ಹಿಡಿದು, ಹಾಡು ನಿಮಗೆ ತಿಳಿಯದಂತೆಯೇ ಜಾರುತ್ತದೆ.

ಈ ಲೆಕ್ಕವನ್ನು ನಾನು ಕಲಿತದ್ದು ಒಂದು ನಷ್ಟದಿಂದ. ಕೆಲಸ ಶುರು ಮಾಡಿದ ಹೊಸತರಲ್ಲಿ, ಹಿರಿಯ ತತ್ವಪದಕಾರರೊಬ್ಬರ ಏಕತಾರಿಗೆ ಅವರು ಬೇಡವೆಂದರೂ ದಪ್ಪ ಉಕ್ಕಿನ ತಂತಿ ಹಾಕಿ, ಹೆಚ್ಚು ದೂರ ಕೇಳಲೆಂದು ಏರಿಸಿ ಕೊಟ್ಟಿದ್ದೆ. ಶಿವರಾತ್ರಿಯ ಜಾಗರಣೆಯಲ್ಲಿ, ನಡುರಾತ್ರಿ ದಾಟಿದ ಮೇಲೆ, ಅವರ ತೊಡೆಯ ಮೇಲೆಯೇ ಆ ಬುರುಡೆ ದಂಡಿಯ ಬುಡದಿಂದ ಸೀಳಿಹೋಯಿತು. ಅದು ಅವರ ಗುರುಗಳಿಂದ ಬಂದ ಬುರುಡೆಯಾಗಿತ್ತು. ಅವರು ನನ್ನನ್ನು ಬೈಯಲಿಲ್ಲ, ಉಳಿದ ಪದಗಳನ್ನು ಬರಿಯ ತಾಳದ ಮೇಲೆ ಹಾಡಿ ಮುಗಿಸಿದರು. ಅಂದಿನಿಂದ ವಾದ್ಯವನ್ನು ಮುಟ್ಟುವ ಮೊದಲು ಹಾಡುವವರಿಂದ ಒಂದು ಪದ ಹಾಡಿಸಿ, ಅವರ ಶ್ರುತಿಯನ್ನು ಬರೆದುಕೊಂಡೇ ತಂತಿಗೆ ಕೈಹಾಕುತ್ತೇನೆ.

ಪ್ರಶ್ನೆ: ನಮ್ಮ ತಾತನವರು ಕೈಯಲ್ಲಿ ಹಿಡಿದು ಬಾರಿಸುತ್ತಿದ್ದ ದಮ್ಮಡಿಗೆ ಉಡದ ಚರ್ಮವಿದೆ, ಅದು ಹರಿದಿದೆ. ಅದೇ ಚರ್ಮ ಹಾಕಿಸಬೇಕೆಂದರೆ ಎಲ್ಲಿ ಸಿಗುತ್ತದೆ?
— ಹಿರಿಯೂರು ತಾಲ್ಲೂಕಿನ ಓದುಗರು

ಉತ್ತರ: ಎಲ್ಲಿಯೂ ಕೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡ ಸೇರಿದೆ. ಅದರ ಚರ್ಮವನ್ನು ಕೊಳ್ಳುವುದೂ ಮಾರುವುದೂ ಅಪರಾಧ, ಶಿಕ್ಷೆ ಮೂರರಿಂದ ಏಳು ವರ್ಷಗಳ ಸೆರೆವಾಸದವರೆಗೆ ಹೋಗುತ್ತದೆ. ಹರಿದ ಹಳೆಯ ಚರ್ಮವನ್ನೂ ಮನೆಯಲ್ಲಿ ಇಟ್ಟುಕೊಳ್ಳದೆ, ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಂದು ಪತ್ರದೊಂದಿಗೆ ಒಪ್ಪಿಸಿಬಿಡಿ. ಚರ್ಮ ಬಿಗಿಯುವ ಬಳೆ ತಾತನವರದೇ ಇರಲಿ, ಅದಕ್ಕೆ ಎಳೆಯ ಮೇಕೆಯ ತೆಳು ಚರ್ಮ ಹಾಕಿಸಿ. ನಾದದಲ್ಲಿ ವ್ಯತ್ಯಾಸವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಒಂದು ಜೀವಿಯ ವಂಶಕ್ಕಿಂತ ಆ ವ್ಯತ್ಯಾಸ ದೊಡ್ಡದಲ್ಲ.

ಪ್ರಶ್ನೆ: ಏಕತಾರಿಯನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಬೇಕೆಂಬ ಆಸೆ ಇದೆ. ಕಳೆದ ವರ್ಷ ತರಕಾರಿ ಸೋರೆಯನ್ನು ಒಣಗಿಸಿ ಮಾಡಿದ್ದು ಸುಕ್ಕಿಹೋಯಿತು, ಬಿದಿರಿಗೆ ಹುಳು ಬಿದ್ದು ಹಿಟ್ಟು ಉದುರಿತು. ಎಲ್ಲಿ ತಪ್ಪಿದೆ?
— ಯುವ ರೈತ, ಮಲೇಬೆನ್ನೂರು

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ತಂಬೂರಿಗಳನ್ನು ಮಾಡುವ ಮಹಾರಾಷ್ಟ್ರದ ಮೀರಜ್ ಊರಿನ ಕಸುಬಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಏಕತಾರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಅದು ಹೊಲದ ಬದುವಿನಲ್ಲಿ ಹುಟ್ಟುವ ವಾದ್ಯ. ದೇಹವನ್ನು ದಂಡಿಗೆ ಮಾಡು, ತಲೆಯನ್ನು ಸೋರೆ ಮಾಡು, ನರವನ್ನು ತಂತಿ ಮಾಡು, ಬೆರಳನ್ನು ಕಡ್ಡಿ ಮಾಡು ಎಂದು ಬಸವಣ್ಣನವರು ಕೇಳಿಕೊಂಡಾಗ ಹೇಳಿದ ನಾಲ್ಕು ಭಾಗಗಳೇ ಇಂದಿಗೂ ನಮ್ಮ ವಾದ್ಯದ ಭಾಗಗಳು. ಬಿದಿರಿನ ದಂಡಿಯ ಕೆಳಗೆ ಮೂರು ಬುರುಡೆ ಕಟ್ಟಿ, ಮೇಣದಲ್ಲಿ ಮೆಟ್ಟಿಲು ಕೂರಿಸಿ ಜೋಗಿಗಳು ನುಡಿಸುವ ಕಿನ್ನರಿಯೂ ಇದೇ ಮನೆತನದ್ದು.

ನಿಮ್ಮ ಮೊದಲ ತಪ್ಪು ಬೀಜದಲ್ಲಿದೆ. ಅಡುಗೆಯ ಸೋರೆ ಎಳೆಯದಿದ್ದಾಗ ತಿನ್ನಲೆಂದು ಆರಿಸಿ ಬೆಳೆಸಿಕೊಂಡು ಬಂದ ತಳಿ, ಅದರ ಸಿಪ್ಪೆ ತೆಳು. ವಾದ್ಯಕ್ಕೆ ಬೇಕಾದದ್ದು ದಪ್ಪ ಸಿಪ್ಪೆಯ ಕಹಿ ಸೋರೆ. ಹಳೆಯ ಬುರುಡೆ ಇಟ್ಟುಕೊಂಡವರ ಮನೆಯಲ್ಲಿ ಬೀಜವೂ ಇರುತ್ತದೆ, ಕೇಳಿ ಪಡೆಯಿರಿ. ಮುಂಗಾರಿನ ಮೊದಲ ಹದ ಮಳೆಗೆ ಬೀಜ ಊರಿ, ಬಳ್ಳಿಯನ್ನು ಗಟ್ಟಿ ಚಪ್ಪರಕ್ಕೆ ಹತ್ತಿಸಿ. ಒಂದು ಬಳ್ಳಿಯಲ್ಲಿ ಎರಡು ಮೂರು ಕಾಯಿ ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಎಳೆಯದರಲ್ಲೇ ಕಿತ್ತುಬಿಡಿ. ಸಿಪ್ಪೆ ದಪ್ಪವಾಗಲು ಇದೊಂದೇ ಗುಟ್ಟು. ಕಾಯಿ ನೆಲಕ್ಕೆ ತಾಗಿದರೆ ಆ ಮಗ್ಗುಲು ಚಪ್ಪಟೆಯಾಗಿ ಮೆತ್ತಗಾಗುತ್ತದೆ, ಆದ್ದರಿಂದ ತೂಗುವಂತೆಯೇ ಬಿಡಿ.

ಎರಡನೆಯ ತಪ್ಪು ಅವಸರ. ಕಾಯಿ ದೊಡ್ಡದಾಯಿತೆಂದು ಕೊಯ್ದರೆ ಸುಕ್ಕುವುದು ಖಂಡಿತ. ಬಳ್ಳಿಯೂ ತೊಟ್ಟೂ ತಾವಾಗಿ ಒಣಗುವವರೆಗೆ ಕಾಯಬೇಕು. ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. ಕೊಯ್ದ ಮೇಲೆ ಗಾಳಿಯಾಡುವ ನೆರಳಿನಲ್ಲಿ ತೊಟ್ಟಿನಿಂದ ನೇತುಹಾಕಿ, ಮೂರು ನಾಲ್ಕು ತಿಂಗಳು ಮರೆತುಬಿಡಿ. ಮೇಲೆ ಕಪ್ಪು ಬೂಷ್ಟು ಕಟ್ಟುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ನಿಮ್ಮ ಕಡೆ ಭದ್ರಾ ನಾಲೆಯ ಗದ್ದೆಗಳ ತೇವ ಗಾಳಿಯಲ್ಲೇ ಇರುವುದರಿಂದ ಚಳ್ಳಕೆರೆಯವರಿಗಿಂತ ನೀವು ಒಂದು ತಿಂಗಳು ಹೆಚ್ಚು ಕಾಯಬೇಕಾದೀತು. ಅಲ್ಲಾಡಿಸಿದಾಗ ಒಳಗೆ ಬೀಜಗಳು ಗಲಗಲ ಎಂದ ದಿನ ಕಾಯಿ ಬುರುಡೆಯಾಯಿತೆಂದು ತಿಳಿಯಿರಿ.

ಆಮೇಲೆ ಸಣ್ಣ ಹಲ್ಲಿನ ಗರಗಸದಿಂದ ಬಾಯಿ ಕೊಯ್ದು, ಎರಡು ದಿನ ನೀರು ತುಂಬಿಟ್ಟು, ಒಳಗಿನ ನಾರನ್ನು ಚಮಚದಿಂದ ಹೆರೆದು ತೆಗೆಯಿರಿ. ಒಣಗಿದ್ದಾಗ ಹೆರೆದರೆ ಕಹಿ ದೂಳು ಮೂಗು, ಗಂಟಲುಗಳಿಗೆ ಏರುತ್ತದೆ. ಹಸಿಯಿದ್ದಾಗಲೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಳಮೈ ನಯವಾದಷ್ಟೂ ನಾದ ತಿಳಿಯಾಗುತ್ತದೆ. ಮತ್ತೆ ವಾರಗಟ್ಟಲೆ ಒಣಗಿಸಿ, ಹೊರಮೈಗೆ ಅರಗಿನ ಪಾಲಿಶ್ ಕೊಡಿ. ಮುಂದೆ ಎಂದಾದರೂ ಸಣ್ಣ ಸೀಳು ಬಿಟ್ಟರೆ, ಹುಣಸೆ ಬೀಜ ಅರೆದು ಕುದಿಸಿದ ಅಂಟಿನಲ್ಲಿ ತೆಳು ಹತ್ತಿ ಬಟ್ಟೆ ಅದ್ದಿ ಒಳಗಿನಿಂದ ಅಂಟಿಸಿ; ಮೇಲಿನಿಂದ ಗೆರೆಯಷ್ಟೇ ಕಾಣುತ್ತದೆ.

ಬಿದಿರಿನ ಹುಳುವಿಗೆ ಬೇಕಾದದ್ದು ಬಿದಿರಲ್ಲ, ಅದರೊಳಗಿನ ಪಿಷ್ಟ. ಕಳಲೆ ಒಡೆಯುವ ಮಳೆಗಾಲದ ಹೊತ್ತಿಗೆ ಕಡಿದರೆ ಹುಳು ಬೇಗ ಬೀಳುತ್ತದೆ. ಮಳೆ ನಿಂತ ಮೇಲೆ, ಚಳಿಗಾಲದಲ್ಲಿ, ಮೂರು ವರ್ಷ ಬಲಿತ ಗಳವನ್ನು ಕಡಿದು, ಹರಿಯುವ ನೀರಿನಲ್ಲಿ ಮೂರು ನಾಲ್ಕು ವಾರ ಕಲ್ಲು ಹೇರಿ ಮುಳುಗಿಸಿಡಿ. ನೀರು ಪಿಷ್ಟವನ್ನೂ ಸಕ್ಕರೆಯನ್ನೂ ತೊಳೆದೊಯ್ಯುತ್ತದೆ. ಹೊರಗೆ ತೆಗೆದಾಗ ನಾರುವುದು ಸಹಜ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿದರೆ ಆ ವಾಸನೆ ಹೋಗುತ್ತದೆ. ದಂಡಿಗೆ ಒಳಗೆ ಹೆಚ್ಚು ಟೊಳ್ಳಿಲ್ಲದ ಕಿರುಬಿದಿರೇ ಮೇಲು.

ಪ್ರಶ್ನೆ: ನಾವು ಚೌಡಿಕೆ ಪದ ಹಾಡುವವರು. ಮೊದಲು ನರದ ತಂತಿ ಇತ್ತು, ಈಗ ಸಿಗುವುದಿಲ್ಲವೆಂದು ಉಕ್ಕಿನ ತಂತಿ ಹಾಕಿದೆವು. ಚರ್ಮ ನಡುವೆಯೇ ಹರಿಯುತ್ತಿದೆ. ಮಳೆಗಾಲದಲ್ಲಿ ಸದ್ದೂ ಇಳಿದುಹೋಗುತ್ತದೆ.
— ಚಿತ್ರದುರ್ಗದ ಮೇಳದವರು

ಉತ್ತರ: ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರ ಪದ್ಮಶ್ರೀ ಬಂದ ಮೇಲೆ, ಚೌಡಿಕೆಯೂ ಸೇರಿದ ಜೋಗತಿ ಕಲೆಯನ್ನು ಗೌರವದಿಂದ ಕೇಳುವವರು ಹೆಚ್ಚಿದ್ದಾರೆ, ಆದರೆ ವಾದ್ಯಕ್ಕೆ ಬೇಕಾದ ಸಾಮಾನಿನ ಚಿಂತೆ ಹಾಗೆಯೇ ಉಳಿದಿದೆ. ತಂಬೂರಿಯಲ್ಲಿ ತಂತಿ ಹಲಗೆಯ ಮೇಲೆ ಹಾದುಹೋಗುತ್ತದೆ. ಚೌಡಿಕೆಯಲ್ಲಿ ಅದು ಚರ್ಮದ ನಟ್ಟನಡುವಿನಿಂದಲೇ ಹೊರಟು ಗಳುವಿನ ಬಿರಡೆಗೆ ಹೋಗುತ್ತದೆ. ಹೀಗಾಗಿ ಎಳೆತವೆಲ್ಲ ಚರ್ಮದ ಒಂದು ತೂತಿನ ಮೇಲೆ ಬೀಳುತ್ತದೆ, ಸಣ್ಣನೆಯ ಉಕ್ಕು ಅಲ್ಲಿ ಚಾಕುವಿನಂತೆ ಕೆಲಸ ಮಾಡುತ್ತದೆ. ನರಕ್ಕೆ ಹತ್ತಿರವಾದದ್ದು ಮೀನು ಹಿಡಿಯುವವರು ಬಳಸುವ ನೈಲಾನ್ ದಾರ: 0.8ರಿಂದ 1 ಮಿ.ಮೀ. ದಪ್ಪದ್ದನ್ನು ಹಾಕಿ ನೋಡಿ. ಹೊಸದರಲ್ಲಿ ಅದು ಹಿಗ್ಗುತ್ತಲೇ ಇರುತ್ತದೆ, ಹಾಗಾಗಿ ಹಾಡುವುದಕ್ಕೆ ಎರಡು ದಿನ ಮೊದಲೇ ಎಳೆದು ಕಟ್ಟಿಡಿ. ತೂತಿನ ಒಳಬದಿಗೆ ಎಂಟಾಣೆ ನಾಣ್ಯದಷ್ಟು ಅಗಲದ ದಪ್ಪ ಚರ್ಮದ ಬಿಲ್ಲೆಯಿಟ್ಟು, ಅದರ ಹಿಂದೆ ಗಂಟು ಹಾಕಿದರೆ ಎಳೆತ ಹರಡಿಕೊಳ್ಳುತ್ತದೆ. ಚೌಡಿಕೆಯ ಸ್ವರ ಬಾಗಿ ಬಾಗಿ ಮಾತಾಡಿದಂತೆ ಕೇಳುವುದು ಆ ತಂತಿಯ ಸಡಿಲದಿಂದ. ಉಕ್ಕಿನಲ್ಲಿ ಆ ಬಾಗು ಇಲ್ಲ, ಇದು ನೀವು ನನಗಿಂತ ಚೆನ್ನಾಗಿ ಬಲ್ಲ ಸಂಗತಿ.

ಮಳೆಗಾಲದ ತೊಂದರೆ ಚರ್ಮ ತೇವ ಕುಡಿಯುವುದರಿಂದ ಬರುವುದು. ಬೆಂಕಿಗೆ ತೀರ ಹತ್ತಿರ ಹಿಡಿದರೆ ಚರ್ಮದ ನಡುಭಾಗ ಗರಿಗರಿಯಾಗಿ ಮುಂದಿನ ಸಲ ಅಲ್ಲಿಯೇ ಒಡೆಯುತ್ತದೆ. ಕೆಂಡದಿಂದ ಎರಡು ಮೊಳ ದೂರದಲ್ಲಿಟ್ಟು, ಅಂಚುಗಳಿಗೆ ಮೊದಲು ಶಾಖ ತಾಗುವಂತೆ ತಿರುಗಿಸುತ್ತ ಕಾಯಿಸಿ. ಬಿರಡೆ ತೇವಕ್ಕೆ ಉಬ್ಬಿ ಸಿಕ್ಕಿಕೊಂಡರೆ ಒಣ ಸೋಪು ಉಜ್ಜಿ. ಬೇಸಿಗೆಯಲ್ಲಿ ಕುಗ್ಗಿ ಜಾರಿದರೆ ಸೀಮೆಸುಣ್ಣದ ಪುಡಿ ಸವರಿ. ಎರಡನ್ನೂ ಚೀಲದಲ್ಲಿ ಇಟ್ಟುಕೊಂಡಿರಿ.

ಪ್ರಶ್ನೆ: ಜಾತ್ರೆಯ ಮೈಕಿನಲ್ಲಿ ಏಕತಾರಿ ಕೇಳುವುದೇ ಇಲ್ಲ. ಏರಿಸಿದರೆ ಕುಂಯ್ ಎಂದು ಕೂಗುತ್ತದೆ. ಪಿಕಪ್ ಹಾಕಿಸಬೇಕೇ?
— ತತ್ವಪದ ಗಾಯಕರು, ಹೊಳಲ್ಕೆರೆ

ಉತ್ತರ: ಪಿಕಪ್ ಕೊಳ್ಳುವ ಮೊದಲು ಮೈಕಿನ ಜಾಗ ಬದಲಿಸಿ ನೋಡಿ. ಹೆಚ್ಚಿನವರು ಮೈಕನ್ನು ಬುರುಡೆಯ ಬಾಯಿಗೆ ಹಿಡಿಯುತ್ತಾರೆ, ನಾದ ಅಲ್ಲಿಂದಲೇ ಬರುತ್ತದೆಂದು. ಅಲ್ಲಿ ಸಿಗುವುದು ಬುರುಡೆಯೊಳಗಿನ ಗಾಳಿಯ ಗುಂಯ್ ಎನ್ನುವ ಗುಮ್ಮು ಮಾತ್ರ, ಸ್ಪೀಕರಿನ ಸದ್ದು ಮರಳಿ ಹೊಕ್ಕು ಕೂಗು ಏಳುವುದೂ ಅಲ್ಲಿಂದಲೇ. ಕುದುರೆಯಿಂದ ಒಂದು ಗೇಣು ದೂರದಲ್ಲಿ, ತಂತಿಯ ಕಡೆ ಮುಖ ಮಾಡಿ ಮೈಕನ್ನು ಇಡಿಸಿ. ಸ್ಪೀಕರುಗಳು ನಿಮ್ಮಿಂದ ಮುಂದಕ್ಕೆ, ಜನರ ಕಡೆಗೆ ತಿರುಗಿರಲಿ. ನಿಮ್ಮ ಬೆನ್ನ ಹಿಂದೆ ಒಂದೂ ಇರಬಾರದು. ಮಿಕ್ಸರಿನಲ್ಲಿ ಏಕತಾರಿಯ ಸಾಲಿನ ಬೇಸನ್ನು ಚೆನ್ನಾಗಿ ಇಳಿಸಲು ಹೇಳಿ. ಇಷ್ಟಕ್ಕೇ ಹತ್ತರಲ್ಲಿ ಏಳು ಕಡೆ ಕೂಗು ನಿಂತದ್ದನ್ನು ನಾನು ಕಂಡಿದ್ದೇನೆ.

ಡೊಳ್ಳು, ಹಾರ್ಮೋನಿಯಂಗಳ ಜೊತೆ ದೊಡ್ಡ ವೇದಿಕೆಯಲ್ಲಿ ಹಾಡುವ ಪ್ರಸಂಗ ಹೆಚ್ಚಿದ್ದರೆ ಮಾತ್ರ ಪೀಝೋ ಪಿಕಪ್ ತೆಗೆದುಕೊಳ್ಳಿ. ಅದು ನಾಣ್ಯದಂಥ ಒಂದು ಬಿಲ್ಲೆ. ಗಾಳಿಯ ಸದ್ದನ್ನಲ್ಲ, ತಾನು ಅಂಟಿರುವ ಮೈಯ ಕಂಪನವನ್ನು ವಿದ್ಯುತ್ತಾಗಿ ಮಾಡುತ್ತದೆ. ಅದನ್ನು ನೇರವಾಗಿ ಮೈಕಿನ ಸಾಲಿಗೆ ಚುಚ್ಚಿದರೆ ಬೇಸ್ ಸೋರಿಹೋಗಿ ಡಬ್ಬ ಬಡಿದಂತೆ ಕೇಳುತ್ತದೆ, ಏಕೆಂದರೆ ಆ ಬಿಲ್ಲೆಯನ್ನು ಚುಚ್ಚುವ ಕಡೆ ಬಹಳ ಹೆಚ್ಚಿನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಇರಬೇಕು. ನಡುವೆ ಒಂದು ಮೆಗಾ ಓಮ್ ಅಥವಾ ಅದಕ್ಕೂ ಹೆಚ್ಚಿನ ಇನ್‌ಪುಟ್ ಇರುವ ಸಣ್ಣ ಪ್ರಿಆಂಪ್ (ಸದ್ದಿನ ಸಂಕೇತವನ್ನು ಬಲಪಡಿಸುವ ಪೆಟ್ಟಿಗೆ) ಇರಲೇಬೇಕು. ಬುರುಡೆಗೆ ತೂತು ಕೊರೆಯಲು ಯಾರಿಗೂ ಬಿಡಬೇಡಿ. ಕುದುರೆಯ ಪಕ್ಕದಲ್ಲಿ ಜೇನುಮೇಣದಿಂದ ಬಿಲ್ಲೆಯನ್ನು ಅಂಟಿಸಿ, ವೈರನ್ನು ದಂಡಿಗೆ ಒಂದು ದಾರದಿಂದ ಕಟ್ಟಿದರೆ ಸಾಕು. ಹಾಡು ಮುಗಿದ ಮೇಲೆ ಮೇಣವನ್ನು ಉಗುರಿನಿಂದ ಎಬ್ಬಿಸಿದರೆ ಬಿಲ್ಲೆ ಬಿಟ್ಟುಬರುತ್ತದೆ, ವಾದ್ಯದ ಮೈಮೇಲೆ ಗುರುತೂ ಉಳಿಯುವುದಿಲ್ಲ.